ಅಮೆರಿಕದ ಗುಲಾಮರಿಗೆ ಬಿಡುಗಡೆ ಸಿಕ್ಕಿತು, ಜಮೀನು ಯಾಕೆ ಸಿಗಲಿಲ್ಲ?

ಗೌರಿಬಿದನೂರು ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಗೌರಿಬಿದನೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮೊನ್ನೆ ಅಬ್ರಹಾಂ ಲಿಂಕನ್ ಬಗ್ಗೆ ಹೇಳುತ್ತಿದ್ದೆ. ಅಂತರ್ಯುದ್ಧ 1861ರಲ್ಲಿ ಶುರುವಾಯಿತು, 1865ರಲ್ಲಿ ಮುಗಿಯಿತು, ದಕ್ಷಿಣದ 11 ರಾಜ್ಯಗಳು ಸೋತವು, 13ನೇ ತಿದ್ದುಪಡಿ ಬಂದು ಗುಲಾಮಗಿರಿ ಹೋಯಿತು ಅಂತ ಬೋರ್ಡ್ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಮಿಸ್, ಬಿಟ್ಟು ಕಳಿಸಿದ ಮೇಲೆ ಅವರು ಎಲ್ಲಿಗೆ ಹೋದರು? ಯಾರ ಹೊಲದಲ್ಲಿ ಕೆಲಸ ಮಾಡಿದರು?" ಅವಳ ತಾತ ಜೀತಕ್ಕಿದ್ದವರು. ಸುಮ್ನೆ ಕೇಳಿದ ಪ್ರಶ್ನೆ ಅಲ್ಲ ಅದು.

ಹತ್ತಿರ ಹತ್ತಿರ 40 ಲಕ್ಷ ಜನ. ಅವರಿಗೆ ತಲಾ 40 ಎಕರೆ ಕೊಡುತ್ತೇವೆ ಅಂತ ಸರ್ಕಾರ ಹೇಳಿತ್ತಂತೆ, ಆಮೇಲೆ ಕೊಡಲಿಲ್ಲವಂತೆ. ಇದು ನಿಜವೇ? ನಿಜವಾದರೆ ತಪ್ಪಿದ್ದು ಎಲ್ಲಿ? ಇನ್ನೊಂದು, ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು "ಆ ಯುದ್ಧ ಗುಲಾಮಗಿರಿಗಾಗಿ ಆಗಿದ್ದೇ ಅಲ್ಲ, ರಾಜ್ಯಗಳ ಹಕ್ಕಿಗಾಗಿ" ಅಂತ ವಾದ ಮಾಡುತ್ತಾರೆ. ತಿಳಿದವರು ಹೇಳಿ. ಮಕ್ಕಳಿಗೆ ಸರಿಯಾದ್ದನ್ನೇ ಹೇಳಬೇಕು ನನಗೆ.

ಶಿರಾ ಹುಡುಗ:

ಮೇಡಂ, ನಾನು ತುಮಕೂರಿನಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದೇನೆ. ಎರಡನೇ ಪ್ರಶ್ನೆ ನನಗೆ ಬಿಡಿ.

ಬೇರೆಯಾದ ರಾಜ್ಯಗಳು ಯಾಕೆ ಬೇರೆಯಾಗುತ್ತಿದ್ದೇವೆ ಅಂತ ತಾವೇ ಬರೆದಿಟ್ಟಿವೆ. ಸೌತ್ ಕ್ಯಾರೊಲಿನಾ 1860ರ ಡಿಸೆಂಬರ್ 20ರಂದು ಹೊರಗೆ ಹೋಯಿತು. ಮಿಸಿಸಿಪ್ಪಿ ಜನವರಿಯಲ್ಲಿ. ಮಿಸಿಸಿಪ್ಪಿಯ ಘೋಷಣೆ ಶುರುವಿನಲ್ಲೇ ತನ್ನ ನಿಲುವು ಗುಲಾಮಗಿರಿಯ ಜೊತೆ ಪೂರ್ತಿ ಬೆಸೆದುಕೊಂಡಿದೆ ಅಂತ ಹೇಳುತ್ತದೆ. ಬೇರೆಯಾದ ರಾಜ್ಯಗಳು ಸೇರಿ ಕಟ್ಟಿಕೊಂಡ ಸರ್ಕಾರದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚಿನಲ್ಲಿ ಸವಾನಾ ಊರಿನಲ್ಲಿ ಭಾಷಣ ಮಾಡಿದ. ಕಪ್ಪು ಮನುಷ್ಯ ಬಿಳಿಯನಿಗೆ ಸಮ ಅಲ್ಲ, ನಮ್ಮ ಸರ್ಕಾರದ ಬುನಾದಿಯೇ ಅದು ಅಂದ. ಇದಕ್ಕಿಂತ ಬಿಡಿಸಿ ಹೇಳಬೇಕಾ?

ರಾಜ್ಯಗಳ ಹಕ್ಕು ಅನ್ನುವವರಿಗೆ ಒಂದು ಪ್ರಶ್ನೆ ಕೇಳಿ. 1850ರ ಕೇಂದ್ರ ಕಾಯ್ದೆ ಪ್ರಕಾರ ಓಡಿಹೋದ ಗುಲಾಮರನ್ನು ಉತ್ತರದ ರಾಜ್ಯಗಳಿಂದಲೂ ಹಿಡಿದು ವಾಪಸ್ ಕೊಡಬೇಕಿತ್ತು. ಉತ್ತರದ ಕೆಲವು ರಾಜ್ಯಗಳು ಅದನ್ನು ತಡೆಯೋಕೆ ತಮ್ಮದೇ ಕಾನೂನು ಮಾಡಿಕೊಂಡವು. ಆಗ ಸೌತ್ ಕ್ಯಾರೊಲಿನಾ ಆ ರಾಜ್ಯಗಳ ಹಕ್ಕನ್ನು ಗೌರವಿಸಲಿಲ್ಲ. ಅದನ್ನೇ ದೊಡ್ಡ ದೂರು ಅಂತ ತನ್ನ ಘೋಷಣೆಯಲ್ಲಿ ಬರೆಯಿತು.

ಒಂದು ಮಾತು ಮಾತ್ರ ಸರಿ. ಲಿಂಕನ್ ಮೊದಲು ಯುದ್ಧ ಮಾಡಿದ್ದು ದೇಶ ಒಡೆಯಬಾರದು ಅಂತ. 1863ರ ಜನವರಿ 1ರ ಬಿಡುಗಡೆ ಘೋಷಣೆ ಆದ ಮೇಲೆ ಅದು ಗುಲಾಮಗಿರಿಯ ವಿರುದ್ಧದ ಯುದ್ಧವೂ ಆಯಿತು. ಅದಕ್ಕೆ ಮುಂಚೆಯೇ ಸಾವಿರಾರು ಗುಲಾಮರು ತೋಟಗಳಿಂದ ತಪ್ಪಿಸಿಕೊಂಡು ಉತ್ತರದ ಸೇನೆಯ ಶಿಬಿರಗಳಿಗೆ ಬಂದುಬಿಟ್ಟಿದ್ದರು. ಕೊನೆಗೆ ಸುಮಾರು 1,80,000 ಕಪ್ಪು ಜನ ಆ ಸೇನೆಯಲ್ಲಿ ಹೋರಾಡಿದರು. ಬಿಡುಗಡೆಯನ್ನು ಯಾರೋ ತಂದುಕೊಟ್ಟರು ಅಂತ ಮಕ್ಕಳಿಗೆ ಅನ್ನಿಸಬಾರದು ಮೇಡಂ.

ಮುಳಬಾಗಿಲು ಹಳೇ ಲೆಕ್ಕಿಗ:

ಟೀಚರಮ್ಮ, ನಾನು ಗ್ರಾಮ ಲೆಕ್ಕಿಗನಾಗಿದ್ದು ರಿಟೈರ್ ಆದವನು. ಸರ್ವೀಸೆಲ್ಲ ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲೇ ಕಳೆಯಿತು. ಪಹಣಿ ಬರೆದ ಕೈ ಇದು. ಯಾವ ದೇಶದ ಚರಿತ್ರೆ ಓದಿದರೂ ನಾನು ಮೊದಲು ಹುಡುಕುವುದು ಕಾಲಂ 9ರಲ್ಲಿ ಯಾರ ಹೆಸರಿದೆ, ಕಾಲಂ 12ರಲ್ಲಿ ಯಾರ ಹೆಸರಿದೆ ಅಂತ. ಖಾತೆದಾರ ಯಾರು, ಉಳುತ್ತಿರುವವನು ಯಾರು. ನಿಮ್ಮ ಹುಡುಗಿ ಕೇಳಿದ್ದೂ ಅದನ್ನೇ.

40 ಎಕರೆ ಮಾತು ನಿಜ. 1865ರ ಜನವರಿ 12ರಂದು ಸವಾನಾದಲ್ಲಿ ಉತ್ತರದ ಸೇನೆಯ ಜನರಲ್ ಶೆರ್ಮನ್, ಯುದ್ಧ ಮಂತ್ರಿ ಸ್ಟಾಂಟನ್ ಇಬ್ಬರೂ ಕೂತು 20 ಜನ ಕಪ್ಪು ಧರ್ಮಗುರುಗಳನ್ನು ಕರೆಸಿ ಮಾತಾಡಿದರು. ಎಲ್ಲರ ಪರವಾಗಿ ಮಾತಾಡಿದವರು ಗ್ಯಾರಿಸನ್ ಫ್ರೇಜಿಯರ್. 67 ವರ್ಷದ ಮುದುಕರು. ಸಾವಿರ ಡಾಲರ್ ಚಿನ್ನ ಬೆಳ್ಳಿ ಕೊಟ್ಟು ತಮ್ಮನ್ನೂ ಹೆಂಡತಿಯನ್ನೂ ತಾವೇ ಬಿಡಿಸಿಕೊಂಡಿದ್ದವರು. ನಿಮ್ಮ ಬದುಕು ನೀವು ನೋಡಿಕೊಳ್ಳೋಕೆ ಏನು ಬೇಕು ಅಂದಾಗ ಅವರು ಹೇಳಿದ್ದು ಒಂದೇ: ನಮಗೆ ಭೂಮಿ ಇರಬೇಕು, ನಮ್ಮ ದುಡಿಮೆಯಿಂದಲೇ ಅದನ್ನು ಉಳಬೇಕು.

ನಾಲ್ಕು ದಿನಕ್ಕೆ, ಜನವರಿ 16ಕ್ಕೆ, ಶೆರ್ಮನ್ ಆದೇಶ ಬಂತು. ಚಾರ್ಲ್ಸ್‌ಟನ್ನಿನಿಂದ ಕೆಳಕ್ಕೆ ಫ್ಲಾರಿಡಾದವರೆಗೆ ಕರಾವಳಿಯ ದ್ವೀಪಗಳು, ಮಾಲೀಕರು ಬಿಟ್ಟು ಓಡಿಹೋಗಿದ್ದ ಭತ್ತದ ಗದ್ದೆಗಳು, ಒಂದು ಸಂಸಾರಕ್ಕೆ 40 ಎಕರೆ ಮೀರದಂತೆ. ಆ ಬೇಸಿಗೆಯ ಹೊತ್ತಿಗೆ ಸುಮಾರು 40,000 ಜನ 4 ಲಕ್ಷ ಎಕರೆಯಲ್ಲಿ ಕೂತಿದ್ದರು. ಬೆಳೆ ಇಟ್ಟಿದ್ದರು.

ಈಗ ಕಾಗದ ನೋಡಿ. ಅವರಿಗೆ ಕೊಟ್ಟಿದ್ದು ಸ್ವಾಧೀನದ ಚೀಟಿ ಮಾತ್ರ. ಪೂರ್ತಿ ಹಕ್ಕನ್ನು ಮುಂದೆ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ತೀರ್ಮಾನ ಮಾಡಬೇಕು ಅಂತ ಆದೇಶದಲ್ಲೇ ಇತ್ತು. ನಮ್ಮ ಕಡೆ ದರಖಾಸ್ತಿನಲ್ಲಿ ಸಾಗುವಳಿ ಚೀಟಿ ಕೈಗೆ ಬಂದು, ಖಾತೆ ಆಗದೆ ಉಳಿದವರ ಪಾಡು ಗೊತ್ತಲ್ವಾ? ಅದೇ ಪಾಡು. ಏಪ್ರಿಲ್ 14ಕ್ಕೆ ಲಿಂಕನ್ನರಿಗೆ ಗುಂಡು ಹೊಡೆದರು, ಮಾರನೇ ದಿನ ತೀರಿಕೊಂಡರು. ಆಮೇಲೆ ಬಂದ ಆಂಡ್ರ್ಯೂ ಜಾನ್ಸನ್ ಮೇ 29ಕ್ಕೆ ಕ್ಷಮಾದಾನ ಘೋಷಿಸಿದ. ಬಂಡೆದ್ದವನು ನಿಷ್ಠೆಯ ಪ್ರಮಾಣ ಮಾಡಿದರೆ ಸಾಕು, ಗುಲಾಮರನ್ನು ಬಿಟ್ಟು ಉಳಿದ ಆಸ್ತಿ ವಾಪಸ್. ದೊಡ್ಡ ಆಸ್ತಿವಂತರು ಬೇರೆ ಅರ್ಜಿ ಹಾಕಿ ಕೇಳಬೇಕಿತ್ತು, ಕೇಳಿದವರಿಗೆ ಧಾರಾಳವಾಗಿ ಕೊಟ್ಟ.

ಅಕ್ಟೋಬರಿನಲ್ಲಿ ಜನರಲ್ ಹೋವರ್ಡ್ ಎಡಿಸ್ಟೋ ದ್ವೀಪದ ಚರ್ಚಿಗೆ ಹೋಗಿ ಈ ಸುದ್ದಿ ಹೇಳಬೇಕಾಯಿತು. ಬಿಡುಗಡೆ ಆದವರ ನೆರವಿಗೆ ಅಂತಲೇ ಮಾಡಿದ್ದ ಇಲಾಖೆಯ ಮುಖ್ಯಸ್ಥ ಅವನು. ಯುದ್ಧದಲ್ಲಿ ಬಲಗೈ ಕಳೆದುಕೊಂಡವನು. ಹಳೇ ಮಾಲೀಕರನ್ನು ಕ್ಷಮಿಸಿ, ಅವರ ಜೊತೆ ಕೂಲಿ ಒಪ್ಪಂದ ಮಾಡಿಕೊಳ್ಳಿ ಅಂದ. ದ್ವೀಪದ ಜನ ಒಂದು ಸಮಿತಿ ಮಾಡಿ ಅವನಿಗೆ ಕಾಗದ ಬರೆದರು. ಅದರ ಸಾರ ಹೇಳುತ್ತೇನೆ: ಯುದ್ಧದಲ್ಲಿ ನಿಮ್ಮದು ಬಲಗೈ ಒಂದೇ ಹೋಯಿತು, ನೀವು ಕ್ಷಮಿಸಬಹುದು. ನನ್ನನ್ನು ಮರಕ್ಕೆ ಕಟ್ಟಿ 39 ಛಡಿ ಹೊಡೆದವನು, ನನ್ನ ತಾಯಿಯನ್ನೂ ತಂಗಿಯನ್ನೂ ಬಟ್ಟೆ ಬಿಚ್ಚಿಸಿ ಹೊಡೆದವನು, ಅವನು ಹೇಳಿದ ಕೂಲಿಗೆ ದುಡಿಯದಿದ್ದರೆ ಖಾಲಿ ಬಿದ್ದ ಗುಡಿಸಲಲ್ಲೂ ಇರೋಕೆ ಬಿಡದವನು, ಅಂಥವನನ್ನು ನಾನು ಹೇಗೆ ಕ್ಷಮಿಸಲಿ? ಈ ಕಾಗದ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ ಟೀಚರಮ್ಮ. ನಿಮ್ಮ ಕ್ಲಾಸಿನಲ್ಲಿ ಇದನ್ನು ಮಕ್ಕಳಿಂದಲೇ ಗಟ್ಟಿಯಾಗಿ ಓದಿಸಿ.

ಆಮೇಲೆ ಅವರಲ್ಲಿ ಹೆಚ್ಚಿನವರನ್ನು ಎಬ್ಬಿಸಿದರು. ಆದರೆ ಅದೇ ಕರಾವಳಿಯಲ್ಲಿ, ಬ್ಯೂಫರ್ಟ್ ಸುತ್ತಮುತ್ತ, ಕೆಲವರನ್ನು ಎಬ್ಬಿಸೋಕೆ ಆಗಲಿಲ್ಲ. ಯಾಕೆ? ಅಲ್ಲಿನ ಮಾಲೀಕರು ಯುದ್ಧಕಾಲದಲ್ಲಿ ಕಂದಾಯ ಕಟ್ಟಿರಲಿಲ್ಲ. ಸರ್ಕಾರ ಜಮೀನು ಜಪ್ತಿ ಮಾಡಿ ಹರಾಜು ಹಾಕಿತ್ತು. ಹರಾಜಿನಲ್ಲಿ ಕೊಂಡವನ ಕೈಯಲ್ಲಿ ಗಟ್ಟಿ ಕಾಗದ ಇತ್ತು, ಜಾನ್ಸನ್ನನ ಕ್ಷಮಾದಾನ ಅದನ್ನು ಮುಟ್ಟಲಿಲ್ಲ.

ರಾಬರ್ಟ್ ಸ್ಮಾಲ್ಸ್ ಅಂತ ಒಬ್ಬರು. 1862ರ ಮೇ 13ರ ಬೆಳಗಿನ ಜಾವ, ಗುಲಾಮನಾಗಿದ್ದ ಈ ಮನುಷ್ಯ ದಕ್ಷಿಣದವರ 'ಪ್ಲಾಂಟರ್' ಹಡಗನ್ನು ಚಾರ್ಲ್ಸ್‌ಟನ್ ಬಂದರಿನಿಂದ ಹೊರಗೆ ತಂದರು. ಕ್ಯಾಪ್ಟನ್ನನ ಹುಲ್ಲಿನ ಟೋಪಿ ತಲೆಗೆ ಹಾಕಿಕೊಂಡು, ಕೋಟೆಗಳ ಮುಂದೆ ಸರಿಯಾದ ಸಿಳ್ಳೆ ಸೂಚನೆ ಕೊಡುತ್ತಾ ದಾಟಿ, ಹೆಂಡತಿ ಮಕ್ಕಳ ಸಮೇತ ಉತ್ತರದ ನೌಕಾಪಡೆ ಸೇರಿಕೊಂಡರು. ಆಮೇಲೆ ಬ್ಯೂಫರ್ಟಿನಲ್ಲಿ ತಮ್ಮ ಹಳೇ ಒಡೆಯನ ಮನೆಯನ್ನೇ ಕಂದಾಯ ಹರಾಜಿನಲ್ಲಿ ಕೊಂಡರು. ಮನೆ ನಮ್ಮದು ಅಂತ ಹಳೇ ವಾರಸುದಾರರ ಕಡೆಯವರು ಕೋರ್ಟಿಗೆ ಹೋದರು, ಸೋತರು. ಮುಂದೆ ಸ್ಮಾಲ್ಸ್ ಅಮೆರಿಕದ ಕಾಂಗ್ರೆಸ್ಸಿಗೆ ಆರಿಸಿಹೋದರು. ಒಂದೇ ಕರಾವಳಿ, ಒಂದೇ ಯುದ್ಧ. ಸ್ವಾಧೀನದ ಚೀಟಿ ಇದ್ದವರು ಬೀದಿಗೆ ಬಂದರು, ಕ್ರಯದ ಕಾಗದ ಇದ್ದವರು ಉಳಿದುಕೊಂಡರು. ಯುದ್ಧ ಮುಗಿದ ಮೇಲೆ ದಕ್ಷಿಣವನ್ನು ಮತ್ತೆ ಕಟ್ಟಿದ ಕಾಲಕ್ಕೆ ಪುನರ್ನಿರ್ಮಾಣ ಅನ್ನುತ್ತಾರೆ. ನನಗೆ ಇಡೀ ಪುನರ್‌ನಿರ್ಮಾಣದ ಕಥೆ ಇದರಲ್ಲೇ ಕಾಣುತ್ತದೆ.

ಜಮೀನು ಇಲ್ಲದವರು ಏನು ಮಾಡಿದರು ಅಂದರೆ, ಹಳೇ ಹೊಲಕ್ಕೇ ವಾಪಸ್ ಹೋದರು. ಬೆಳೆ ಪಾಲಿನ ಮೇಲೆ ಉಳುವ ವಾರದ ಪದ್ಧತಿಯಲ್ಲಿ ದುಡಿದರು. ಹೊಲ, ಬೀಜ, ಹೇಸರಗತ್ತೆ ಎಲ್ಲ ಮಾಲೀಕನದು, ಬೆಳೆಯಲ್ಲಿ ಅರ್ಧ ಅವನಿಗೆ. ವರ್ಷವಿಡೀ ಹಿಟ್ಟು, ಬಟ್ಟೆ ಅಂಗಡಿಯಲ್ಲಿ ಸಾಲ, ನಿಂತ ಬೆಳೆಯೇ ಅಡಮಾನ. ಹತ್ತಿ ಬಿಡಿಸಿದ ಮೇಲೆ ಲೆಕ್ಕ. ಬುಕ್ಕು ಮಾಲೀಕನ ಕೈಯಲ್ಲಿ, ಓದೋಕೆ ಬಾರದವನು ಗುರುತು ಹಾಕಬೇಕು. ಸಾಲ ಉಳಿಯಿತು ಅಂದರೆ ಮುಂದಿನ ವರ್ಷವೂ ಅಲ್ಲೇ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜೀತ ರದ್ದು ಕಾಯ್ದೆ ಬಂದಿದ್ದು 1976ರಲ್ಲಿ. ಅದಾಗಿ ಎಷ್ಟೋ ವರ್ಷದ ಮೇಲೆ ನನ್ನ ಸರ್ಕಲ್ಲಿನ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜ ಬಿಡುಗಡೆ ಪತ್ರವನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದ. ಪತ್ರ ಅಸಲಿ. ಆದರೆ ಅವನು ಮೇಯಿಸುತ್ತಿದ್ದದ್ದು ಅದೇ ಮನೆಯ ಎಮ್ಮೆಗಳನ್ನು. ಗುಂಟೆ ಜಮೀನು ಅವನ ಹೆಸರಿಗೆ ಇರಲಿಲ್ಲ.

ಕೆ.ಜಿ.ಎಫ್. ಅಕ್ಕ:

ಅಣ್ಣ ಹೇಳಿದ ಜಮೀನಿನ ಮಾತು ಒಪ್ಪುತ್ತೇನೆ. ಆದರೆ ಓಟು, ಸ್ಕೂಲು ಎರಡನ್ನೂ ಬಿಟ್ಟರೆ ಅವರು ಬರೀ ನೊಂದವರಾಗಿ ಕಾಣುತ್ತಾರೆ. 1867ರ ನಂತರ ದಕ್ಷಿಣದಲ್ಲಿ ಕಪ್ಪು ಗಂಡಸರು ಓಟು ಹಾಕಿದರು. 1870ರಲ್ಲಿ ಹೈರಮ್ ರೆವೆಲ್ಸ್ ಅನ್ನುವ ಕಪ್ಪು ಮನುಷ್ಯ ಮಿಸಿಸಿಪ್ಪಿಯಿಂದ ಸೆನೆಟ್ಟಿಗೆ, ಅಂದರೆ ಅಮೆರಿಕದ ಸಂಸತ್ತಿನ ಮೇಲ್ಮನೆಗೆ, ಹೋದರು. ದಕ್ಷಿಣದ ಎಷ್ಟೋ ಕಡೆ ಸರ್ಕಾರಿ ಸ್ಕೂಲುಗಳು ಗಟ್ಟಿಯಾಗಿ ಶುರುವಾಗಿದ್ದೇ ಆ ಕಾಲದಲ್ಲಿ. ಮುದುಕರು ಮೊಮ್ಮಕ್ಕಳ ಪಕ್ಕ ಕೂತು ಅಕ್ಷರ ಕಲಿತರು, ಕೆಲವೇ ವರ್ಷ ಹಿಂದೆ ಆ ರಾಜ್ಯಗಳಲ್ಲಿ ಗುಲಾಮರಿಗೆ ಓದು ಕಲಿಸಿದರೆ ಶಿಕ್ಷೆ ಇತ್ತು.

ಅದನ್ನು ಮುರಿದಿದ್ದು ಬಂದೂಕು. 1873ರ ಏಪ್ರಿಲ್ 13ರಂದು ಲೂಸಿಯಾನಾದ ಕೋಲ್‌ಫ್ಯಾಕ್ಸಿನಲ್ಲಿ ಕೋರ್ಟ್ ಕಟ್ಟಡ ಕಾಯುತ್ತಿದ್ದ ಕಪ್ಪು ಜನರನ್ನು, ಶರಣಾದ ಮೇಲೂ, ಗುಂಡಿಟ್ಟು ಕೊಂದರು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 1876ರಲ್ಲಿ ಬಿದ್ದುಹೋಯಿತು. 1877ರಲ್ಲಿ ಅಧ್ಯಕ್ಷ ಪದವಿಯ ಜಗಳ ಬಗೆಹರಿದ ಬೆನ್ನಿಗೇ, ದಕ್ಷಿಣದಲ್ಲಿ ಕಾವಲಿಗಿದ್ದ ಸೈನಿಕರನ್ನು ಅವರ ಬ್ಯಾರಕ್ಕುಗಳಿಗೆ ಕಳಿಸಿದರು. ನಮ್ಮ ಮೈಸೂರು ಸೀಮೆಯಲ್ಲಿ ಧಾತು ಈಶ್ವರ ಬರದಲ್ಲಿ ಜನ ಸಾಯುತ್ತಿದ್ದ ವರ್ಷಗಳೇ ಅವು. 1890ರಲ್ಲಿ ಮಿಸಿಸಿಪ್ಪಿ ಸಂವಿಧಾನ ಬದಲಾಯಿಸಿ ಓಟಿಗೆ ತೆರಿಗೆ, ಓದಿನ ಪರೀಕ್ಷೆ ತಂದು ಕಪ್ಪು ಜನರ ಓಟು ಕಿತ್ತುಕೊಂಡಿತು. ಅದು ಪೂರ್ತಿ ಬಗ್ಗಿದ್ದು 1965ರ ಮತದಾನ ಕಾಯ್ದೆ ಬಂದ ಮೇಲೆ. ಅಣ್ಣನ ಪಹಣಿ ಗಟ್ಟಿ ಇರಬೇಕಾದರೂ ಓಟು ಕೈಯಲ್ಲಿರಬೇಕು.

ಗೌರಿಬಿದನೂರು ಟೀಚರ್:

ಎಷ್ಟು ವಿಷಯ ಕೊಟ್ಟಿರಿ ಎಲ್ಲರೂ! ಅಣ್ಣ, ಇನ್ನೊಂದು ಕೇಳಲೇ? ಗೆದ್ದವರು ಅವರೇ, ಸೇನೆ ಅವರದೇ. ದೊಡ್ಡ ಎಸ್ಟೇಟುಗಳನ್ನು ಹಂಚೋಕೆ ಕಾಂಗ್ರೆಸ್ ಯಾಕೆ ಕಾನೂನು ಮಾಡಲಿಲ್ಲ?

ಮುಳಬಾಗಿಲು ಹಳೇ ಲೆಕ್ಕಿಗ:

ಕೇಳಿದವರು ಇದ್ದರು. ಪೆನ್ಸಿಲ್ವೇನಿಯಾದ ಕಾಂಗ್ರೆಸ್ ಸದಸ್ಯ ಥ್ಯಾಡಿಯಸ್ ಸ್ಟೀವನ್ಸ್ ದೊಡ್ಡ ಮಾಲೀಕರ ಜಮೀನು ಜಪ್ತಿ ಮಾಡಿ ಸಂಸಾರಕ್ಕೆ 40 ಎಕರೆ ಹಂಚಿ ಅಂತ ಹಟ ಹಿಡಿದ. ಅವನ ಪಕ್ಷದವರೇ ಒಪ್ಪಲಿಲ್ಲ. ಖಾಸಗಿ ಆಸ್ತಿ ಮುಟ್ಟಿದರೆ ನಾಳೆ ಉತ್ತರದ ಕಾರ್ಖಾನೆಗಳ ಕಡೆಗೂ ಕೈ ಬರುತ್ತದೆ ಅನ್ನುವ ಭಯ, ಹತ್ತಿ ಬೇಗ ಬೆಳೆಯಲಿ ಅನ್ನುವ ಆತುರ. ಹಣ ಕೊಡೋಕೆ ಅವರಿಗೆ ಬರುತ್ತಿರಲಿಲ್ಲ ಅಂತಲ್ಲ. 1862ರಲ್ಲಿ ವಾಷಿಂಗ್ಟನ್ ನಗರದಲ್ಲಿ ಗುಲಾಮರನ್ನು ಬಿಡಿಸಿದಾಗ ತಲೆಗೆ 300 ಡಾಲರ್‌ವರೆಗೆ ಪರಿಹಾರ ಕೊಟ್ಟರು. ಯಾರಿಗೆ? ಮಾಲೀಕರಿಗೆ. 1866ರಲ್ಲಿ ಐದು ರಾಜ್ಯಗಳ ಸರ್ಕಾರಿ ಜಮೀನು ಕೊಡುವ ಕಾಯ್ದೆ ಮಾಡಿದರು. ಆದರೆ ಅದರಲ್ಲಿ ಜಾಸ್ತಿ ಜಮೀನು ಕಾಡು, ಜೌಗು. ಎತ್ತು, ನೇಗಿಲು ಇಲ್ಲದವನು ಅಲ್ಲಿ ಏನು ಮಾಡುತ್ತಾನೆ? ಹತ್ತು ವರ್ಷಕ್ಕೆ ಅದನ್ನೂ ತೆಗೆದರು.

ನಮ್ಮಲ್ಲಿ 1974ರಲ್ಲಿ ಉಳುವವನೇ ಒಡೆಯ ಅಂತ ದೇವರಾಜ ಅರಸರು ಕಾಯ್ದೆ ತಂದಾಗ ಗೇಣಿದಾರರು ಫಾರಂ 7 ಹಾಕಿ ಜಮೀನು ಪಡೆದರು. ದೊಡ್ಡ ಕೆಲಸ ಅದು, ಸಣ್ಣ ಮಾತಲ್ಲ. ಆದರೆ ಗೇಣಿದಾರ ಅಂತ ತೋರಿಸೋಕೆ ಆಗದ ಕೂಲಿಯವನಿಗೆ, ಜೀತದವನಿಗೆ ಆ ಫಾರಂ ಹಾಕುವ ದಾರಿಯೇ ಇರಲಿಲ್ಲ. ಅವನಿಗೆ ಉಳಿದಿದ್ದು ಗೋಮಾಳದ ದರಖಾಸ್ತು. ಹಾಗೆ ಮಂಜೂರಾದ ಜಮೀನನ್ನೂ ಎಷ್ಟೋ ಮಂದಿ ಕಷ್ಟಕ್ಕೆ ಮಾರಿಕೊಂಡರು ಅಂತ 1978ರಲ್ಲಿ, ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಪರಭಾರೆ ಆಗದಂತೆ ತಡೆಯುವ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ಆ ಹುಡುಗಿಯ ತಾತನಿಗೆ ಏನಾದರೂ ಮಂಜೂರಾಗಿತ್ತಾ ಅಂತ ಮನೆಯಲ್ಲಿ ಕೇಳೋಕೆ ಹೇಳಿ. ಆಗಿದ್ದರೆ ಸರ್ವೆ ನಂಬರ್ ಬರೆದುಕೊಂಡು ತಾಲ್ಲೂಕು ಕಚೇರಿ ರೆಕಾರ್ಡ್ ರೂಮಿನಲ್ಲಿ ಮಂಜೂರಾತಿ ರಿಜಿಸ್ಟರಿನ ನಕಲು ಕೇಳಬಹುದು. ಅರ್ಜಿ ಬರೆಯೋದು ಹೇಗೆ ಅಂತ ಬೇಕಾದರೆ ನಾನು ಇಲ್ಲೇ ಹಾಕುತ್ತೇನೆ.