ಓದುಗರ ಸ್ಪಂದನ: ಇತಿಹಾಸಕ್ಕೆ ಹಾವೇರಿಯೋ, ಧಾರವಾಡವೋ?

ಮಗಳು ಇತಿಹಾಸ ತಗೊಂಡು ಬಿ.ಎ. ಮಾಡುತ್ತೇನೆ ಎನ್ನುತ್ತಾಳೆ, ಊರಿನ ಕಾಲೇಜು ಸಾಕಾ, ಧಾರವಾಡಕ್ಕೇ ಕಳಿಸಬೇಕಾ ಎಂದು ಹಾವೇರಿಯ ತಾಯಿಯೊಬ್ಬರು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು:

ಧಾರವಾಡ ಅಂದ ಕೂಡಲೇ ಎಲ್ಲರೂ ಕರ್ನಾಟಕ ಕಾಲೇಜು ಎನ್ನುತ್ತಾರೆ. 1917ರ ಕಾಲೇಜು, ಒಳ್ಳೆಯದೇ. ಆದರೆ ಹೆಸರಿಗಿಂತ ಮೊದಲು ಮೂರು ಮಾತು ವಿಚಾರಿಸಿ. ಇತಿಹಾಸಕ್ಕೆ ಕಾಯಂ ಉಪನ್ಯಾಸಕರು ಇದ್ದಾರಾ? ಅತಿಥಿ ಉಪನ್ಯಾಸಕರಲ್ಲಿ ಬಹಳ ಚೆನ್ನಾಗಿ ಪಾಠ ಮಾಡುವವರಿದ್ದಾರೆ, ಆದರೆ ಅವರ ನೇಮಕ ತಡವಾದರೆ ಅರ್ಧ ಸೆಮಿಸ್ಟರ್ ಹಾಗೇ ಹೋಗುತ್ತದೆ. ಎರಡನೆಯದು, ಇತಿಹಾಸದ ಜೊತೆ ಐಚ್ಛಿಕ ಕನ್ನಡ ಸಿಗುತ್ತಾ? ಸಿಕ್ಕರೆ ಬಿಡಬೇಡಿ. ಹಳಗನ್ನಡ ಬಾರದವರಿಗೆ ಶಾಸನ ಬರೀ ಕಲ್ಲು. ಕೊನೆಗೆ ಗ್ರಂಥಾಲಯಕ್ಕೆ ಹೋಗಿ 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' 11 ಅಥವಾ 15ನೇ ಸಂಪುಟ ಕೇಳಿ. ಮುಂಬೈ ಕರ್ನಾಟಕದ, ಅಂದರೆ ನಮ್ಮ ಕಡೆಯ ಶಾಸನಗಳು ಅದರಲ್ಲಿವೆ. ಕಪಾಟಿನ ಕೀಲಿ ಹುಡುಕುವುದರಲ್ಲೇ ಹೊತ್ತು ಹೋದರೆ ಆ ಕಾಲೇಜಿನ ಕಥೆ ಗೊತ್ತಾಯಿತಲ್ಲ!
- ನಿವೃತ್ತ ಉಪನ್ಯಾಸಕ, ಧಾರವಾಡ

ಹಾವೇರಿ ಏನು ಕಡಿಮೆ? ಊರೊಳಗೇ ಸಿದ್ಧೇಶ್ವರ ಗುಡಿ ಇದೆ, ಅದೂ ಪಶ್ಚಿಮಕ್ಕೆ ಮುಖ ಮಾಡಿದ್ದು. ಯಾಕೆ ಹಾಗೆ ಅಂತ ಕೇಳುವ ಹುಡುಗಿಯಾದರೆ ಅವಳಿಗೆ ಅಲ್ಲಿಂದಲೇ ಪಾಠ ಶುರು. ಬಂಕಾಪುರದ ನಗರೇಶ್ವರ, ಹಾನಗಲ್ಲಿನ ತಾರಕೇಶ್ವರ, ಗಳಗನಾಥ, ಎಲ್ಲ ನಿಮ್ಮ ಜಿಲ್ಲೆಯವೇ. ನಾನು ಓದಿದ್ದು ಗದಗಿನಲ್ಲಿ. ಲಕ್ಕುಂಡಿ ಪಕ್ಕದಲ್ಲೇ ಇತ್ತು. ನಮ್ಮ ಮೇಡಂ ಕಾಶಿವಿಶ್ವೇಶ್ವರದ ಬಾಗಿಲವಾಡದ ಎದುರು ನಿಲ್ಲಿಸಿ, ಒಂದೊಂದೇ ಪಟ್ಟಿಯ ಕೆತ್ತನೆ ಬರೆದುಕೊಳ್ಳಿ ಅಂದಿದ್ದರು. ಬಿಸಿಲಿಗೆ ಬೈದುಕೊಂಡೇ ಬರೆದೆವು. ಕಲ್ಯಾಣ ಚಾಲುಕ್ಯರ ಬಗ್ಗೆ ಬರೆಸಿಕೊಂಡ ನೋಟ್ಸ್ ಮರೆತುಹೋಗಿದೆ, ಆ ಬಾಗಿಲು ಮಾತ್ರ ಈಗಲೂ ಬಾಯಿಪಾಠ. ಹಾಗಾಗಿ ಮಕ್ಕಳನ್ನು ಹೊರಗೆ ಕರೆದೊಯ್ಯುವ ಮೇಷ್ಟ್ರು ಯಾರು ಅಂತ ಹಳೇ ವಿದ್ಯಾರ್ಥಿಗಳನ್ನು ಕೇಳಿ. ಎಂ.ಎ.ಗೆ ಹೇಗೂ ಧಾರವಾಡದ ವಿಶ್ವವಿದ್ಯಾಲಯ ಇದ್ದೇ ಇದೆ.
- ಶಾಲಾ ಶಿಕ್ಷಕಿ, ಗದಗ

ದಿನಾ ಅಪ್-ಡೌನ್ ಮಾಡಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. 'ಶಕ್ತಿ' ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಉಳಿಯಿತು, ನಿಜ. ಆದರೆ ಹಾವೇರಿಯಿಂದ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಮತ್ತೆ ಧಾರವಾಡ ಅಂದರೆ ಓದೋದು ಯಾವಾಗ? ಕಳಿಸುವುದಾದರೆ ಹಾಸ್ಟೆಲ್ ಸಿಕ್ಕ ಮೇಲೇ ಕಳಿಸಿ. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡಿ, ಅರ್ಜಿ ಕರೆದಾಗ ನಾಡಕಚೇರಿ ಮುಂದೆ ಸಾಲು ಜಾಸ್ತಿ ಇರುತ್ತದೆ.
- ಇಬ್ಬರು ಹೆಣ್ಣುಮಕ್ಕಳ ತಂದೆ, ಹುಬ್ಬಳ್ಳಿ