ಮುಂದಿನ ಪ್ಲೇಸ್ಟೇಷನ್ ಕಂಟ್ರೋಲರ್‌ನಲ್ಲಿ ಏನಿರಬಹುದು? ಒಂದು ಕೆ.ಜಿ. ಮಟನ್ ಪಂದ್ಯ ಕಟ್ಟಿದ್ದೇನೆ

ಗೂಡುಹುಡುಗ (ಶಿಡ್ಲಘಟ್ಟ)

ಎಲ್ಲರಿಗೂ ನಮಸ್ಕಾರ. ವಿಷಯಕ್ಕೆ ಬರುವ ಮುಂಚೆ ನನ್ನ ಗೋಳು ಸ್ವಲ್ಪ ಕೇಳಿ.

ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆ. ಮುಂದಿನ ಶೆಡ್ಡಿನಲ್ಲಿ ಬೇಸಿನ್‌ಗಳು, ಹಿಂದಿನ ರೂಮಿನಲ್ಲಿ ನಾನು ಮತ್ತು ನನ್ನ ಪಿಎಸ್5, ಅಂದರೆ ಸೋನಿಯ ಪ್ಲೇಸ್ಟೇಷನ್ 5 ಗೇಮ್ ಕನ್ಸೋಲ್. 2022ರಲ್ಲಿ ತಗೊಂಡಿದ್ದು. ಆರು ತಿಂಗಳಿಂದ ಕಂಟ್ರೋಲರಿನ ಎಡಗಡೆ ಸ್ಟಿಕ್ (ಹೆಬ್ಬೆರಳಲ್ಲಿ ತಳ್ಳುವ ಕಡ್ಡಿ) ಡ್ರಿಫ್ಟ್ ಆಗುತ್ತಿದೆ. ನಾನು ಕೈ ಬಿಟ್ಟರೂ ಆಟದೊಳಗಿನ ಮನುಷ್ಯ ಎಡಕ್ಕೆ ಎಡಕ್ಕೆ ಹೋಗುತ್ತಾನೆ, ಸಂತೆ ಮುಗಿಸಿ ಕುಡಿದು ಬಂದವನ ಹಾಗೆ. ಬೆಂಗಳೂರಿನ ಒಂದು ಅಂಗಡಿಗೆ ಕೊಟ್ಟೆ. 1,800 ರೂಪಾಯಿ ತಗೊಂಡರು. ಇಪ್ಪತ್ತು ದಿನ ಸರಿ ಇತ್ತು, ಆಮೇಲೆ ಮತ್ತೆ ಅದೇ ಕಥೆ. ಸುಮ್ನೆ ಒಳಗೆ ಏನೋ ಸ್ಪ್ರೇ ಹೊಡೆದು ಕೊಟ್ಟಿದ್ದಾರೆ ಅನ್ನೋದು ನನ್ನ ಅನುಮಾನ.

ಹೊಸದು ತಗೊಳ್ಳೋಣ ಅಂದರೆ ಆರು ಸಾವಿರದ ಹತ್ತಿರ. ಅಷ್ಟರಲ್ಲಿ ಯಲಹಂಕದ ನಮ್ಮ ಚಿಕ್ಕಪ್ಪನ ಮಗ ಹೇಳಿದ, "ಈಗ ದುಡ್ಡು ಹಾಕಬೇಡ, ಮುಂದಿನ ಕನ್ಸೋಲ್ ಬರುತ್ತೆ, ಅದರ ಕಂಟ್ರೋಲರ್ ನೋಡಿದರೆ ತಲೆ ತಿರುಗುತ್ತೆ" ಅಂತ. ಅವನ ಪ್ರಕಾರ ಮಧ್ಯದಲ್ಲಿ ಸ್ಕ್ರೀನ್ ಇರುತ್ತದಂತೆ. ಅಂಗೈ ಬೆವರು ಮತ್ತು ಎದೆಬಡಿತ ನೋಡಿ ಆಟ ಕಷ್ಟ ಆಗೋದು, ಸುಲಭ ಆಗೋದು ನಡೆಯುತ್ತದಂತೆ. ನನ್ನ ವಾದ ಬೇರೆ. ಅದೆಲ್ಲ ಬರೋದಿಲ್ಲ. ಬಂದರೆ ಎರಡೇ ಬರುತ್ತೆ: ಸವೆಯದ ಸ್ಟಿಕ್, ಜಾಸ್ತಿ ಹೊತ್ತು ಬರುವ ಬ್ಯಾಟರಿ. ಮಾತಿಗೆ ಮಾತು ಬೆಳೆದು ಒಂದು ಕೆ.ಜಿ. ಮಟನ್ ಪಂದ್ಯ ಆಗಿದೆ. ಸಾಕ್ಷಿಗೆ ನಮ್ಮ ಅಜ್ಜಿ ಇದ್ದಾರೆ, ಆದ್ದರಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ.

ಹಾಗಂತ ನಾನು ಹೊಸದೆಲ್ಲ ಬೇಡ ಅನ್ನುವ ಜಾತಿ ಅಲ್ಲ. ಕನ್ಸೋಲ್ ತಂದ ವಾರ ಅದರ ಜೊತೆಗೇ ಬರುವ ಆಸ್ಟ್ರೋ ಆಟ ಹಾಕಿ ಕಂಟ್ರೋಲರನ್ನು ಅಮ್ಮನ ಕೈಗೆ ಕೊಟ್ಟಿದ್ದೆ. ಮಳೆ ಹನಿ ಬೀಳುವ ಜಾಗದಲ್ಲಿ ಅದು ಅಂಗೈಯಲ್ಲಿ ಟಿಪಿಟಿಪಿ ಅನ್ನುತ್ತದೆ, ಗೊತ್ತಲ್ವಾ? ಅಮ್ಮ ಮೂವತ್ತು ವರ್ಷದಿಂದ ಬಿಸಿ ನೀರಿನ ಬೇಸಿನ್ ಮುಂದೆ ಕೂತವಳು. ಎಳೆ ಕಡಿದರೆ ಕಣ್ಣಿಗಿಂತ ಮುಂಚೆ ಬೆರಳಿಗೆ ಗೊತ್ತಾಗುತ್ತದೆ. ಕಣ್ಣು ಮುಚ್ಚಿಕೊಂಡು ಎರಡು ನಿಮಿಷ ಹಿಡಿದುಕೊಂಡಳು. "ಮಳೆ ಅಲ್ಲ ಕಣೋ, ಗೂಡು ಬೇಯೋ ಹಾಗಿದೆ" ಅಂದಳು. ಅಷ್ಟು ಸೂಕ್ಷ್ಮ ಕೆಲಸ ಮಾಡಿದವರು ಸ್ಟಿಕ್ ವಿಷಯದಲ್ಲಿ ಯಾಕೆ ಹೀಗೆ ಮಾಡಿದರು ಅನ್ನೋದೇ ನನ್ನ ಹೊಟ್ಟೆಯುರಿ.

ಪ್ರಶ್ನೆ ಇಷ್ಟೇ. ಮುಂದಿನದರಲ್ಲಿ ನಿಜವಾಗಿ ಏನು ಬರಬಹುದು? ನಾನು ಕಾಯಲಾ, ಈಗಲೇ ಹೊಸದು ತಗೊಳ್ಳಲಾ, ಇಲ್ಲ ಇದನ್ನೇ ರಿಪೇರಿ ಮಾಡಿಕೊಳ್ಳಲಾ?

---

ಬಂಗಾರಪೇಟೆ_ಬಾಸ್

ಗುರು, ಮಟನ್ ನಿನ್ನದೇ ಅನ್ಕೋ. ಆದರೆ ಪೂರ್ತಿ ಅಲ್ಲ.

ಪೇಟೆಂಟ್ ನೋಡಿ ಕುಣಿಯುವವರನ್ನು ನಾನು ತುಂಬಾ ನೋಡಿದ್ದೇನೆ, ನಾನೂ ಕುಣಿದಿದ್ದೇನೆ. 2019ರ ಕೊನೆಯಲ್ಲಿ ಸೋನಿಯ ಒಂದು ಪೇಟೆಂಟ್ ಚಿತ್ರ ಎಲ್ಲ ಕಡೆ ಓಡಾಡಿತು. ಅದರಲ್ಲಿ ಕಂಟ್ರೋಲರ್ ಹಿಂದುಗಡೆ ಎರಡು ಬಟನ್ ಇದ್ದವು. ಪಿಎಸ್5ರಲ್ಲಿ ಗ್ಯಾರಂಟಿ ಅಂತ ಎಲ್ಲರೂ ಬರೆದರು. 2020ರ ಏಪ್ರಿಲ್ 7ಕ್ಕೆ ಪಿಎಸ್5ರ ಕಂಟ್ರೋಲರ್ ಡ್ಯುಯಲ್‌ಸೆನ್ಸ್ ತೋರಿಸಿದಾಗ ಹಿಂದುಗಡೆ ಬೋಳು! ಆ ಬಟನ್ ಬಂದಿದ್ದು 2023ರ ಜನವರಿಯಲ್ಲಿ, ದುಬಾರಿ ಎಡ್ಜ್ ಮಾಡೆಲಿನಲ್ಲಿ. ನಿನ್ನ ಕಸಿನ್ ಹೇಳುವ ಬೆವರಿನ ಕಥೆಯೂ ಹೊಸದಲ್ಲ. ಪಿಎಸ್5 ಬರುವ ಮುಂಚೆಯೂ ಇದೇ ಮಾತು ಇತ್ತು.

ಪೇಟೆಂಟ್ ಬಿಡು, ಕಣ್ಣಾರೆ ತೋರಿಸಿದ್ದೇ ಬರಲಿಲ್ಲ. 2005ರಲ್ಲಿ ಪಿಎಸ್3 ಜೊತೆ ಬಾಳೆಹಣ್ಣಿನ ಆಕಾರದ ಬೆಳ್ಳಿ ಬಣ್ಣದ ಕಂಟ್ರೋಲರ್ ಇಟ್ಟಿದ್ದರು. ಜನ ನಕ್ಕರು. 2006ರಲ್ಲಿ ಅಂಗಡಿಗೆ ಬಂದಿದ್ದು ಹಳೇ ಆಕಾರದ ಸಿಕ್ಸಾಕ್ಸಿಸ್, ಅದರಲ್ಲೂ ವೈಬ್ರೇಷನ್ನೇ ಇಲ್ಲ. ಆಗ ವೈಬ್ರೇಷನ್ ಪೇಟೆಂಟ್ ಇಟ್ಟುಕೊಂಡಿದ್ದ ಇಮ್ಮರ್ಷನ್ ಕಂಪನಿ ಜೊತೆ ಸೋನಿಗೆ ಕೋರ್ಟ್ ಕೇಸ್ ನಡೆಯುತ್ತಿತ್ತು. 2007ರಲ್ಲಿ ರಾಜಿ ಆಯಿತು, ಅದೇ ವರ್ಷ ಡ್ಯುಯಲ್‌ಶಾಕ್ 3ರಲ್ಲಿ ವೈಬ್ರೇಷನ್ ವಾಪಸ್. ಅಂದರೆ ಕಂಟ್ರೋಲರ್‌ನಲ್ಲಿ ಏನಿರಬೇಕು ಅಂತ ಇಂಜಿನಿಯರ್ ಒಬ್ಬನೇ ತೀರ್ಮಾನ ಮಾಡಲ್ಲ, ವಕೀಲನೂ ಮಾಡುತ್ತಾನೆ.

ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಕಡೆಯೂ ಅಷ್ಟೇ. 2023ರಲ್ಲಿ ಕೋರ್ಟ್ ಕಾಗದಗಳ ಜೊತೆ ಅವರ ಪ್ಲಾನೇ ಹೊರಗೆ ಬಿತ್ತು. ಹೊಸ ಕಂಟ್ರೋಲರ್, ಸೆಬೀಲ್ ಅಂತ ಹೆಸರು. ಬದಲಾಯಿಸಬಹುದಾದ ಬ್ಯಾಟರಿ, ಬಿಚ್ಚಬಹುದಾದ ಸ್ಟಿಕ್, ಕೈಗೆತ್ತಿಕೊಂಡರೆ ತಾನೇ ಆನ್ ಆಗೋದು, ಎಲ್ಲ ಇತ್ತು. 2024ಕ್ಕೆ ಅಂತ ಬರೆದಿತ್ತು. 2024 ಬಂತು, ಹೋಯಿತು. ಕಂಪನಿಯ ಸ್ವಂತ ಕಾಗದವನ್ನೇ ನಂಬೋಕೆ ಆಗಲ್ಲ ಅಂದಮೇಲೆ ಯಲಹಂಕದ ಕಸಿನ್ ಯಾವ ಲೆಕ್ಕ?

ನನ್ನ ಅಂದಾಜು: ಟ್ರಿಗರ್ (ತೋರುಬೆರಳಲ್ಲಿ ಒತ್ತುವ ಬಟನ್) ಒತ್ತುವಾಗ ಬಿಗಿಯಾಗೋದು ಮತ್ತು ಆ ಸೂಕ್ಷ್ಮ ಕಂಪನ ಉಳಿಯುತ್ತೆ. ಹಿಂದಿನ ಬಟನ್ ಈ ಸಲ ಮಾಮೂಲಿ ಮಾಡೆಲಿಗೇ ಬರಬಹುದು. ಸ್ಕ್ರೀನ್ ಬರಲ್ಲ, ಬ್ಯಾಟರಿ ತಿನ್ನುತ್ತೆ.

---

ಹಳೇ_ರೇಡಿಯೋ (ಚಿಂತಾಮಣಿ)

ನಾನು ಗೇಮ್ ಆಡುವವನಲ್ಲಪ್ಪ. ರೇಡಿಯೋ, ಟಿವಿ ರಿಪೇರಿ ಮಾಡಿಕೊಂಡಿದ್ದವನು. ಈಗ ಹುಡುಗರು ಇಂಥ ಕಂಟ್ರೋಲರ್ ತರುತ್ತಾರೆ, ನೋಡಿಕೊಡುತ್ತೇನೆ.

ನಿಮ್ಮ ಸ್ಟಿಕ್ ಒಳಗೆ ಇರುವುದು ಹಳೇ ರೇಡಿಯೋದ ವಾಲ್ಯೂಮ್ ಕಂಟ್ರೋಲೇ. ತಮಾಷೆ ಅಲ್ಲ. ಆಗ ತಿರುಗಿಸಿದರೆ ಕರ್ ಕರ್ ಅನ್ನುತ್ತಿತ್ತಲ್ಲ, ಅದೇ ಪೊಟೆನ್ಷಿಯೋಮೀಟರ್. ಇಂಗಾಲದ ಒಂದು ಪಟ್ಟಿ, ಅದರ ಮೇಲೆ ಉಜ್ಜಿಕೊಂಡು ಓಡಾಡುವ ಲೋಹದ ಒಂದು ನಾಲಿಗೆ. ಒಂದೊಂದು ಸ್ಟಿಕ್ಕಿಗೆ ಇಂಥವು ಎರಡು: ಎಡ ಬಲಕ್ಕೆ ಒಂದು, ಮೇಲೆ ಕೆಳಗೆ ಒಂದು. ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತದೆ, ಕರಿ ಪುಡಿ ಅಲ್ಲೇ ಉಳಿಯುತ್ತದೆ. ಸ್ಟಿಕ್ ನಟ್ಟ ನಡುವೆ ನಿಂತಿದ್ದರೂ ವೋಲ್ಟೇಜ್ ನಡುವಿನದು ಬರುವುದಿಲ್ಲ. ಮೆಷಿನ್ನು ಪಾಪ, ನೀವು ಎಡಕ್ಕೆ ತಳ್ಳುತ್ತಿದ್ದೀರಿ ಅಂದುಕೊಳ್ಳುತ್ತದೆ. ಸ್ಪ್ರೇ ಹೊಡೆದರೆ ಪುಡಿ ಹೋಗುತ್ತದೆ, ಸವೆದದ್ದು ವಾಪಸ್ ಬರುವುದಿಲ್ಲ. ನಿಮ್ಮ ಇಪ್ಪತ್ತು ದಿನದ ಲೆಕ್ಕ ಸರಿಯಾಗಿದೆ.

ಇದಕ್ಕೆ ಮದ್ದು ಹೊಸದೇನಲ್ಲ. ಹಾಲ್ ಸೆನ್ಸರ್ ಅಂತ ಇದೆ. ಸ್ಟಿಕ್ಕಿನ ಬುಡಕ್ಕೆ ಒಂದು ಅಯಸ್ಕಾಂತ, ಪಕ್ಕದಲ್ಲಿ ಸೆನ್ಸರ್. ಒಂದಕ್ಕೊಂದು ಮುಟ್ಟುವುದೇ ಇಲ್ಲ, ಸವೆಯುವುದೆಲ್ಲಿಂದ ಬಂತು? ನಿಮ್ಮ ಬೀದಿಯಲ್ಲಿ ಓಡಾಡುವ ಎಲೆಕ್ಟ್ರಿಕ್ ಸ್ಕೂಟರಿನ ಆಕ್ಸಿಲರೇಟರ್‌ನಲ್ಲಿ ಇದೇ ಇರುತ್ತದೆ. ಮಗನನ್ನು ಕೇಳಿದೆ, 1998ರಲ್ಲಿ ಬಂದ ಸೆಗಾದ ಡ್ರೀಮ್‌ಕಾಸ್ಟ್ ಕಂಟ್ರೋಲರ್‌ನಲ್ಲೇ ಇತ್ತಂತೆ.

ಮತ್ತೆ ದೊಡ್ಡ ಕಂಪನಿಗಳು ಯಾಕೆ ಹಾಕಲಿಲ್ಲ? ಹಳೇದು ಅಗ್ಗ, ಕರೆಂಟ್ ಕಮ್ಮಿ ತಿನ್ನುತ್ತದೆ, ಕೋಟಿಗಟ್ಟಲೆ ಮಾಡಿ ಅಭ್ಯಾಸ ಆಗಿದೆ. ಈಗ ಟಿಎಂಆರ್ ಅನ್ನುವ ಇನ್ನೊಂದು ಬಗೆ ಬಂದಿದೆ. ಅದೂ ಅಯಸ್ಕಾಂತದ್ದೇ, ಆದರೆ ಹಾಲ್‌ಗಿಂತ ಕಡಿಮೆ ಕರೆಂಟಿನಲ್ಲಿ ಕೆಲಸ ಮಾಡುತ್ತದೆ. ಆ ನೆಪವೂ ಹೋಯಿತು ಅನ್ನಿ.

ನಿಮಗೆ ಒಂದು ಮಾತು. ನೂಲು ಬಿಚ್ಚುವ ಮನೆ ಅಂದಿರಿ. ಏನೂ ತಗೊಳ್ಳುವ ಮುಂಚೆ ಒಮ್ಮೆ ಬಿಚ್ಚಿ ಸ್ಟಿಕ್ಕಿನ ಬುಡ ನೋಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

---

ಗೂಡುಹುಡುಗ (ಶಿಡ್ಲಘಟ್ಟ)

ರೇಡಿಯೋ ಅಣ್ಣ, ವಾಲ್ಯೂಮ್ ಕಂಟ್ರೋಲ್ ಅಂದಿದ್ದು ತಲೆಗೆ ಹೋಯಿತು. ನಮ್ಮ ತಾತನ ರೇಡಿಯೋ ಈಗಲೂ ಅಟ್ಟದ ಮೇಲಿದೆ, ಅದನ್ನೂ ಹೀಗೇ ಬೈಯುತ್ತಿದ್ದರು.

ಆದರೆ ಒಂದು ಅನುಮಾನ. 2025ರ ಜೂನ್‌ನಲ್ಲಿ ನಿಂಟೆಂಡೊ ಕಂಪನಿಯ ಸ್ವಿಚ್ 2 ಕನ್ಸೋಲ್ ಬಂತಲ್ಲ. ಹಳೇ ಸ್ವಿಚ್‌ನ ಕಂಟ್ರೋಲರ್ ಜಾಯ್‌ಕಾನ್ ಡ್ರಿಫ್ಟ್‌ಗೆ ಲೋಕವೆಲ್ಲ ಬೈದಿತ್ತು. ಅಷ್ಟು ಬೈಸಿಕೊಂಡರೂ ಹೊಸ ಜಾಯ್‌ಕಾನ್ ಹಾಲ್ ಎಫೆಕ್ಟ್ ಅಲ್ಲ ಅಂತ ನಿಂಟೆಂಡೊದವರೇ ಹೇಳಿದರು. ಮೌಸ್ ಥರ ಉಜ್ಜಬಹುದು, ಅಯಸ್ಕಾಂತದಲ್ಲಿ ಕನ್ಸೋಲ್‌ಗೆ ಅಂಟುತ್ತೆ, ಸ್ಟಿಕ್ ಮಾತ್ರ ಹಳೇ ದಾರಿ. ಸೋನಿಯ ಎಡ್ಜ್‌ನಲ್ಲೂ ಅಷ್ಟೇ, ಸ್ಟಿಕ್ ಬಿಚ್ಚಿ ಬೇರೆ ಹಾಕಬಹುದು, ಆದರೆ ಹಾಕುವುದೂ ಸವೆಯುವ ಸ್ಟಿಕ್ಕೇ. ಚಪ್ಪಲಿ ಗಟ್ಟಿ ಮಾಡಿ ಅಂದರೆ ಜೊತೆಗೆ ಇನ್ನೊಂದು ಜೊತೆ ಮಾರಿದ ಹಾಗೆ.

ಇದನ್ನು ನೋಡಿದರೆ ನನ್ನ ಮಟನ್ ಹೋಯಿತೇನೋ ಅನ್ನಿಸುತ್ತಿದೆ.

---

ಬಂಗಾರಪೇಟೆ_ಬಾಸ್

ಹೆದರಬೇಡ. 2025ರ ನವೆಂಬರ್‌ನಲ್ಲಿ ಗೇಮ್ ಕಂಪನಿ ವಾಲ್ವ್‌ನವರು ಹೊಸ ಸ್ಟೀಮ್ ಕಂಟ್ರೋಲರ್ ತೋರಿಸಿದರಲ್ಲ, ಅದರ ಸ್ಟಿಕ್ ಟಿಎಂಆರ್. ದೊಡ್ಡವರಲ್ಲಿ ಒಬ್ಬರು ಹಾಕಿದ ಮೇಲೆ ಉಳಿದವರಿಗೆ ಮುಖ ಉಳಿಸಿಕೊಳ್ಳೋದು ಕಷ್ಟ.

ಕಾಯುವ ವಿಷಯಕ್ಕೆ ಬಂದರೆ, ಅಷ್ಟು ಬೇಗ ಏನೂ ಬರಲ್ಲ. ಪಿಎಸ್3ಯಿಂದ ಪಿಎಸ್4ಕ್ಕೆ ಏಳು ವರ್ಷ, ಅಲ್ಲಿಂದ ಪಿಎಸ್5ಗೆ ಏಳು ವರ್ಷ. 2025ರ ಅಕ್ಟೋಬರ್‌ನಲ್ಲಿ ಸೋನಿಯ ಕನ್ಸೋಲ್ ವಿನ್ಯಾಸಕ ಮಾರ್ಕ್ ಸರ್ನಿ, ಚಿಪ್ ಮಾಡುವ ಎಎಂಡಿಯವರ ಜೊತೆ ಕೂತು ಮುಂದಿನ ಕನ್ಸೋಲ್ ಬಗ್ಗೆ ಮಾತಾಡಿದಾಗಲೂ ಇನ್ನು ಕೆಲವು ವರ್ಷ ಅನ್ನುವ ಧಾಟಿಯಲ್ಲೇ ಇತ್ತು. ಮಾತೆಲ್ಲ ಚಿಪ್ ಬಗ್ಗೆ. ಅದು ಬಂದ ಮೇಲೂ ನಮ್ಮ ಕಡೆಗೆ ಲೇಟು. ಪಿಎಸ್5 ಹೊರಗೆ 2020ರ ನವೆಂಬರ್, ಇಂಡಿಯಾಕ್ಕೆ 2021ರ ಫೆಬ್ರವರಿ 2. ಅಲ್ಲಿವರೆಗೂ ಎಡಕ್ಕೇ ನಡೀತೀಯಾ?

---

ಎಂಟು_ಬೆರಳು (ತುಮಕೂರು)

ಹಿಂದಿನ ಬಟನ್ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕ್ಯಾತ್ಸಂದ್ರದ ಹತ್ತಿರ ಸ್ಕೂಟಿಯಿಂದ ಬಿದ್ದು ನನ್ನ ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಬಲಗಡೆ ಟ್ರಿಗರ್ ಒತ್ತೋದು ಕಷ್ಟ. ಅದೂ ಬಿಗಿಯಾಗುವ ಟ್ರಿಗರ್ ಇದೆಯಲ್ಲ, ಬಿಲ್ಲು ಎಳೆಯುವಾಗ ಎಲ್ಲರೂ ಆಹಾ ಅನ್ನುತ್ತಾರೆ, ನಾನು ಅಮ್ಮಾ ಅನ್ನುತ್ತೇನೆ. ಒಳಗೆ ಪುಟ್ಟ ಮೋಟಾರ್ ಬೆರಳಿಗೆ ಎದುರಾಗಿ ತಳ್ಳುತ್ತದೆ. ನಾನು ಮೊದಲ ದಿನವೇ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿದೆ. ಬಟನ್‌ಗಳನ್ನು ಅದಲು ಬದಲು ಮಾಡಿಕೊಂಡೆ. 2023ರ ಅಪ್‌ಡೇಟ್ ಆದಮೇಲೆ ಇನ್ನೊಂದು ಕಂಟ್ರೋಲರನ್ನು ನನ್ನ ಅಕೌಂಟಿಗೇ ಸಹಾಯಕ್ಕೆ ಸೇರಿಸಬಹುದು. ಓಡೋದು, ಗುರಿ ಹಿಡಿಯೋದು ನಾನು, ಗುಂಡು ಹೊಡೆಯೋದು ತಮ್ಮ. ಸೋತರೆ ಇಬ್ಬರೂ ಜಗಳ.

ನಿಮಗೆಲ್ಲ ಹಿಂದಿನ ಬಟನ್ ಅಂದರೆ ಬೇಗ ಗೆಲ್ಲೋದು. ನನಗೆ ಅದು ಒಬ್ಬಳೇ ಆಡೋದು. ಮಾಮೂಲಿ ಬೆಲೆಯ ಕಂಟ್ರೋಲರಿಗೇ ಅದು ಬರಲಿ ಅಂತ ಆಸೆ. ಎಡ್ಜ್‌ನಲ್ಲಿ ಇದೆ, ಆದರೆ ಅದರ ಬೆಲೆ ಎರಡು ಪಟ್ಟಿಗಿಂತ ಜಾಸ್ತಿ. ಬ್ಯಾಟರಿ ಬೇರೆ ಚಿಕ್ಕದು, ಮಾಮೂಲಿಯದರಲ್ಲಿ 1,560 ಎಂಎಎಚ್, ಎಡ್ಜ್‌ನಲ್ಲಿ 1,050. ದುಡ್ಡು ಜಾಸ್ತಿ ಕೊಟ್ಟು ಬ್ಯಾಟರಿ ಕಮ್ಮಿ ತಗೊಳ್ಳೋದು ಯಾವ ನ್ಯಾಯ?

ನಿಮ್ಮ ಪಂದ್ಯದಲ್ಲಿ ಇದನ್ನೂ ಸೇರಿಸಿ. ಬಂದರೆ ನನಗೆ ಅರ್ಧ ಕೆ.ಜಿ.

---

ಗೂಡುಹುಡುಗ (ಶಿಡ್ಲಘಟ್ಟ)

ಅಕ್ಕಾ, ಸೇರಿಸಿದೆ. ಚಿಕ್ಕಪ್ಪನ ಮಗನಿಗೂ ಹೇಳಿದೆ, ಒಪ್ಪಿಕೊಂಡ. ಅಜ್ಜಿ ಮಾತ್ರ "ಅದ್ಯಾರೋ ತುಮಕೂರಿನವರಿಗೆ ಮಟನ್ ಕಳಿಸೋದು ಹೇಗೆ" ಅಂತ ಕೇಳುತ್ತಿದ್ದಾರೆ.

ಇವತ್ತು ಮಾರ್ಕೆಟ್ ರಜೆ. ರೇಡಿಯೋ ಅಣ್ಣ ಹೇಳಿದ್ದಕ್ಕೆ ಕಂಟ್ರೋಲರ್ ಬಿಚ್ಚಿದೆ. ಸಣ್ಣ ಸ್ಕ್ರೂ ನಾಲ್ಕು, ಆಮೇಲೆ ಪ್ಲಾಸ್ಟಿಕ್ ಕೊಕ್ಕೆ ಬಿಡಿಸುವಾಗ ಟಕ್ ಅಂದಿದ್ದಕ್ಕೆ ಆರು ಸಾವಿರ ಹೋಯಿತು ಅಂತ ಎದೆ ಬಡಿದುಕೊಂಡಿತು. (ಆ ಎದೆಬಡಿತ ನೋಡುವ ಸೆನ್ಸರ್ ಇದ್ದಿದ್ದರೆ ಆಗಲೇ ಸುಟ್ಟುಹೋಗುತ್ತಿತ್ತು.) ಎಡಗಡೆ ಸ್ಟಿಕ್ಕಿನ ಬುಡದಲ್ಲಿ ಏನಿತ್ತು ಗೊತ್ತಾ? ರೇಷ್ಮೆ ಎಳೆ! ಒಂದಲ್ಲ, ಸುತ್ತಿ ಸುತ್ತಿ ಕಡಗದ ಹಾಗೆ ಆಗಿತ್ತು. ಸ್ಟಿಕ್ಕನ್ನು ಒಂದು ಪಕ್ಕಕ್ಕೆ ಎಳೆದು ಹಿಡಿದಿತ್ತು. ಕೆಳಗೆ ಕರಿ ಪುಡಿಯೂ ಇತ್ತು, ಅದು ಬೇರೆ. ಬಲಗಡೆಯದು ಸ್ವಚ್ಛ.

---

ಹಳೇ_ರೇಡಿಯೋ (ಚಿಂತಾಮಣಿ)

ಅದೇ ಕಣಪ್ಪ. ನಿಮ್ಮ ಕಡೆಯ ಟೇಪ್ ರೆಕಾರ್ಡರ್‌ಗಳಲ್ಲೂ ಇದನ್ನೇ ತೆಗೆಯುತ್ತಿದ್ದೆ, ಚಕ್ರಕ್ಕೆ ಸುತ್ತಿಕೊಂಡಿರುತ್ತಿತ್ತು. ಅಂಗಡಿಯವರು ಬಿಚ್ಚಿಯೇ ಇರಲಿಕ್ಕಿಲ್ಲ.

ಎಳೆ ತೆಗೆದ ಮೇಲೆ ಡ್ರಿಫ್ಟ್ ಎಷ್ಟಿದೆ ನೋಡಿ. ಇನ್ನೂ ಇದ್ದರೆ ಅಯಸ್ಕಾಂತದ ಸ್ಟಿಕ್ ತರಿಸಿ ಕಳಿಸಿ, ಹಾಕಿಕೊಡುತ್ತೇನೆ. ನೀವೇ ಕೈ ಹಾಕಬೇಡಿ, ಒಂದು ಸ್ಟಿಕ್ಕಿಗೆ 14 ಕಡೆ ಬೆಸುಗೆ ಬಿಡಿಸಬೇಕು. ಬಿಸಿ ಜಾಸ್ತಿಯಾದರೆ ಬೋರ್ಡಿನ ತಾಮ್ರವೇ ಎದ್ದು ಬರುತ್ತದೆ. ಹಾಕಿದ ಮೇಲೆ ನಡು ಎಲ್ಲಿ ಅಂತ ಕಂಪ್ಯೂಟರಿಗೆ ಜೋಡಿಸಿ ಕಲಿಸಬೇಕು, ಅದನ್ನು ನನ್ನ ಮಗ ಬ್ರೌಸರಿನಲ್ಲೇ ಮಾಡುತ್ತಾನೆ.

---

ಗೂಡುಹುಡುಗ (ಶಿಡ್ಲಘಟ್ಟ)

ಎಳೆ ತೆಗೆದ ಮೇಲೆ ಮುಕ್ಕಾಲು ಪಾಲು ಸರಿಯಾಗಿದೆ. ಕುಡಿದವನು ಈಗ ಬರೀ ತೂಕಡಿಸುತ್ತಾನೆ. ಸ್ಟಿಕ್ ಆರ್ಡರ್ ಹಾಕಿದ್ದೇನೆ ಅಣ್ಣ, ಬಂದ ತಕ್ಷಣ ಚಿಂತಾಮಣಿಗೆ ನಾನೇ ತರುತ್ತೇನೆ. ಹೊಸ ಕಂಟ್ರೋಲರ್ ಸದ್ಯಕ್ಕೆ ಇಲ್ಲ.

ತೆಗೆದ ಎಳೆಯನ್ನು ಅಮ್ಮನಿಗೆ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿದಳು, ಎರಡು ಬೆರಳಲ್ಲಿ ಹೊಸೆದು ನೋಡಿದಳು. "ಹಳದಿ ಗೂಡಿಂದು. ನಾವು ಬಿಳಿ ಗೂಡು ಶುರು ಮಾಡಿ ಎರಡು ವರ್ಷ ಆಯ್ತು. ಅವತ್ತಿಂದ ಒರೆಸಿಲ್ವೇನೋ ಇದನ್ನ?" ಅಂದಳು.