ಕನ್ನಡಿ ಮುಂದಿನ ಹುಲಿ

ಸೋಮವಾರ ಆಫೀಸಿನಲ್ಲಿ ಎಲ್ಲರೆದುರು ನಿಂತು ಮಾತಾಡಬೇಕು ಎಂದು ನಮ್ಮ ಸಂಕೋಚಿಗೆ ಮೇಲಿನವರು ಹೇಳಿದ್ದರು. (ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೂ ಇದೆ. ಅದು ದಾಖಲೆಗಳಲ್ಲಿ ಸುಖವಾಗಿದೆ.) ಸಂಜೆ ಸೇರಿದಾಗ ಅವನ ಮುಖ ಬಾಡಿತ್ತು.

"ನನ್ನ ಕೈಲಾಗಲ್ಲ ಕಣ್ರೋ. ಜ್ವರ ಅಂತ ರಜೆ ಹಾಕ್ತೀನಿ."

"ಆತ್ಮವಿಶ್ವಾಸ ಬೇಕು ಕಣೋ!" ಅಂದ ದೊಡ್ಡಬಾಯಿ. "ಬೆಳಗ್ಗೆ ಎದ್ದು ಕನ್ನಡಿ ಮುಂದೆ ನಿಂತು ‘ನಾನು ಹುಲಿ’ ಅಂತ ಜೋರಾಗಿ ಹೇಳು."

"ಹೇಳಿದೆ. ಒಳಗಿಂದ ಯಾರೋ ‘ಯಾರು, ನೀನಾ?’ ಅಂದ್ರು."

ಮೇಷ್ಟ್ರು ನಕ್ಕರು. ಮನಃಶಾಸ್ತ್ರ ಓದಿದವರು, ಇಂಥ ಸಂದರ್ಭಕ್ಕೇ ಕಾಯುತ್ತಿರುತ್ತಾರೆ. "ಒಳಗಿನವರು ಹೇಳಿದ್ದೇ ಸರಿ. ಕೆನಡಾದಲ್ಲಿ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಇದನ್ನ ಪರೀಕ್ಷಿಸಿ ನೋಡಿದ್ದಾರೆ. ಕೀಳರಿಮೆ ಇದ್ದವರ ಹತ್ರ ಇಂಥ ಹೊಗಳಿಕೆಯ ಮಾತನ್ನೇ ಮತ್ತೆ ಮತ್ತೆ ಹೇಳಿಸಿದ್ರೆ ಅವರ ಮನಸ್ಸು ಇನ್ನೂ ಕುಗ್ಗಿತಂತೆ."

"ಹಾಗಾದ್ರೆ ಸೊಂಟಕ್ಕೆ ಕೈ ಕೊಟ್ಟು, ಎದೆ ಉಬ್ಬಿಸಿ ಎರಡು ನಿಮಿಷ ನಿಲ್ಲೋದು?" ದೊಡ್ಡಬಾಯಿ ಎದ್ದು ನಿಂತು ತೋರಿಸಿಯೇಬಿಟ್ಟ. ಅಂಗಿಯ ಗುಂಡಿಯೊಂದು ಸಿಡಿಯಿತು.

"ಹಾಗೆ ನಿಂತ್ರೆ ಮೈಯೊಳಗಿನ ಹಾರ್ಮೋನೇ ಬದಲಾಗುತ್ತೆ ಅಂತ 2010ರಲ್ಲಿ ಬಂದ ಪ್ರಬಂಧವೂ ಭಾರಿ ಸದ್ದು ಮಾಡ್ತು. ಆಮೇಲೆ ಜಾಸ್ತಿ ಜನರನ್ನಿಟ್ಟು ನೋಡಿದ್ರೆ ಹಾರ್ಮೋನು ಅಲುಗಾಡಲೇ ಇಲ್ಲ. ಮೂಲ ಪ್ರಬಂಧ ಬರೆದವರಲ್ಲೇ ಒಬ್ಬರು 2016ರಲ್ಲಿ ನನಗಿದರಲ್ಲಿ ನಂಬಿಕೆಯಿಲ್ಲ ಅಂದುಬಿಟ್ರು."

"ಪಾಪ, ಅವರ ಆತ್ಮವಿಶ್ವಾಸವೂ ಹೋಯ್ತಾ?" ಅಂದ ಸಂಕೋಚಿ.

"ಆತ್ಮವಿಶ್ವಾಸ ಅಂದ್ರೆ ಅಮೆರಿಕದ ಆ ಪಿಟ್ಸ್‌ಬರ್ಗ್ ಕಳ್ಳನದು," ಮೇಷ್ಟ್ರಿಗೆ ಈಗ ಲಹರಿ ಬಂದಿತ್ತು. "1995ನೇ ಇಸವಿ. ಮುಖಕ್ಕೆ ನಿಂಬೆರಸ ಬಳ್ಕೊಂಡ್ರೆ ಕ್ಯಾಮೆರಾದಲ್ಲಿ ಕಾಣಲ್ಲ ಅಂತ ಅವನ ನಂಬಿಕೆ. ಮುಸುಕು ಗಿಸುಕು ಏನಿಲ್ಲ, ಹಾಡಹಗಲೇ ಎರಡು ಬ್ಯಾಂಕು ದೋಚಿದ. ಸಿಕ್ಕಿಬಿದ್ದಾಗ ಅವನಿಗೇ ಆಶ್ಚರ್ಯ. ‘ನಿಂಬೆರಸ ಹಚ್ಕೊಂಡಿದ್ನಲ್ಲ!’ ಅಂದನಂತೆ. ಈ ಕಥೆ ಇಟ್ಕೊಂಡೇ ಡನ್ನಿಂಗ್, ಕ್ರೂಗರ್ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು 1999ರಲ್ಲಿ ಪ್ರಬಂಧ ಶುರುಮಾಡಿದ್ರು. ಕೆಲಸ ಬರದವನಿಗೆ, ತನಗೆ ಅದು ಬರಲ್ಲ ಅನ್ನೋದೂ ಗೊತ್ತಾಗಲ್ಲ ಅಂತ."

ನಾವೆಲ್ಲ ಯಾಕೋ ಒಟ್ಟಿಗೆ ದೊಡ್ಡಬಾಯಿಯ ಕಡೆ ನೋಡಿದೆವು. ಅವನು ಗುಂಡಿ ಹುಡುಕುತ್ತಿದ್ದ. ಉತ್ತರನ ಪೌರುಷ ಒಲೆ ಮುಂದೆ ಅನ್ನುತ್ತಾರಲ್ಲ, ಇವನ ಪೌರುಷಕ್ಕೆ ಒಲೆಯೂ ಬೇಡ.

"ಅಂದ್ರೆ ನನ್ನ ಅನುಮಾನ ಒಳ್ಳೇದೇನಾ?"

"ಸ್ವಲ್ಪ ಇರಲಿ. ತಯಾರಿ ಮಾಡಿಸುತ್ತೆ. ರಜೆ ಹಾಕಿಸೋವಷ್ಟು ಬೇಡ."

"ಆದ್ರೆ ಎಲ್ಲರೂ ನನ್ನನ್ನೇ ನೋಡ್ತಾರೆ ಮೇಷ್ಟ್ರೇ!"

"ಯಾರೂ ಅಷ್ಟು ನೋಡಲ್ಲ ಕಣೋ. ಒಂದು ಪ್ರಯೋಗದಲ್ಲಿ, ಹಾಕ್ಕೊಳ್ಳೋಕೆ ನಾಚಿಕೆಯಾಗೋ ಚಿತ್ರ ಇದ್ದ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನ ಒಂದು ಕೋಣೆಗೆ ಕಳಿಸಿದ್ರು. ಸುಮಾರು ಅರ್ಧದಷ್ಟು ಜನ ಗಮನಿಸಿರ್ತಾರೆ ಅಂತ ಹಾಕ್ಕೊಂಡವರ ಅಂದಾಜು. ನಿಜವಾಗಿ ಗಮನಿಸಿದವರು ಕಾಲು ಭಾಗದಷ್ಟು. 2000ದಲ್ಲಿ ಪ್ರಕಟವಾದದ್ದು."

ಪ್ರಬಂಧಗಳು ಸಾಕು ಅನ್ನಿಸಿ ನಾನು, "ಇಲ್ಲೇ ಮಾತಾಡಿ ತೋರಿಸು" ಅಂದೆ. ಮೇಷ್ಟ್ರು ತಲೆಯಾಡಿಸಿದರು. "ಬಂಡೂರ ಅನ್ನೋ ಮನಃಶಾಸ್ತ್ರಜ್ಞ 1977ರಲ್ಲೇ ಹೇಳಿದ್ದು ಅದೇ. ನನ್ನಿಂದ ಆಗುತ್ತೆ ಅನ್ನೋ ನಂಬಿಕೆ ಬರೋಕೆ ಎಲ್ಲಕ್ಕಿಂತ ಗಟ್ಟಿ ದಾರಿ, ಒಂದ್ಸಲ ಮಾಡಿ ನೋಡೋದು..."

"ಮೇಷ್ಟ್ರೇ, ಅವನು ಮಾತಾಡ್ಲಿ."

ಸಂಕೋಚಿ ಎದ್ದ. ಕೈಲಿದ್ದ ಹಾಳೆ ಪಟಪಟ ಸದ್ದು ಮಾಡಿತು. ಹಾಳೆ ಕೆಳಗಿಡು ಅಂದೆ, ಇಟ್ಟ. ಆಗ ಬೆರಳುಗಳು ನಡುಗಿದವು. ಕುರ್ಚಿಯ ಬೆನ್ನು ಹಿಡಿದುಕೊಂಡ. ಮೊದಲ ವಾಕ್ಯ ಹೊಟ್ಟೆಯೊಳಗೇ ಉಳಿಯಿತು, ಎರಡನೆಯದು ಗಂಟಲವರೆಗೆ ಬಂತು. ಆಮೇಲೆ ತನ್ನ ಕೆಲಸದ ವಿಷಯ ಬಂದದ್ದೇ ತಡ, ಕುರ್ಚಿ ಬಿಟ್ಟು ಕೈಯಾಡಿಸಿಕೊಂಡು ವಿವರಿಸತೊಡಗಿದ. ಚೆನ್ನಾಗೇ ಮಾತಾಡಿದ, ಸುಮ್ನೆ ಹೊಗಳುತ್ತಿಲ್ಲ. ಕೊನೆಗೆ ಬೆವರು ಒರೆಸಿಕೊಂಡು ದೊಡ್ಡಬಾಯಿಯನ್ನು ಕೇಳಿದ, "ಹೇಗಿತ್ತೋ?"

ದೊಡ್ಡಬಾಯಿ ಮೊಬೈಲಿನಿಂದ ತಲೆಯೆತ್ತಿದ.

"ಏನು, ಶುರು ಮಾಡಿದ್ಯಾ?"